ಚುಚ್ಚಿದಾಗ ಕೆಲಸ ಮಾಡಿದ್ದೆಲ್ಲ ಹಾರ್ಮೋನಲ್ಲ

ತೂಕ ಇಳಿಸುವ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ ಬಂದ ಮೇಲೆ ಜಿಎಲ್‌ಪಿ-1 ಎಂಬ ಕರುಳಿನ ಹಾರ್ಮೋನಿನ ಹೆಸರು ವೈದ್ಯರ ಕೊಠಡಿಯನ್ನು ದಾಟಿ ಮನೆಮಾತಾಗುತ್ತಿದೆ. ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೋವಿ ಅದೇ ವರ್ಷದ ಜೂನ್‌ನಲ್ಲಿ ಇಲ್ಲಿ ಬಿಡುಗಡೆಯಾದವು; ವೆಗೋವಿಯಲ್ಲಿರುವ ಸೆಮಾಗ್ಲುಟೈಡ್‌ಗೆ ಭಾರತದಲ್ಲಿದ್ದ ಮೂಲ ಪೇಟೆಂಟಿನ ಅವಧಿ 2026ರ ಮಾರ್ಚ್‌ವರೆಗೆ ಮಾತ್ರ. ಇದರ ಬೆನ್ನಿಗೇ ಜಿಎಲ್‌ಪಿ-1 ಅನ್ನು ‘ಸಹಜವಾಗಿ ಹೆಚ್ಚಿಸುವ’ ಪುಡಿ, ಮಾತ್ರೆಗಳ ಜಾಹೀರಾತುಗಳೂ ಹುಟ್ಟಿಕೊಂಡಿವೆ. ಅತ್ತ ವಿಜ್ಞಾನದ ಸುದ್ದಿಗಳಲ್ಲಿ ‘ವ್ಯಾಯಾಮದ ಹಾರ್ಮೋನ್’, ‘ಮೂಳೆಯ ಹಾರ್ಮೋನ್’ ಎಂಬ ಶೀರ್ಷಿಕೆಗಳು ಕೆಲವು ವರ್ಷಗಳಿಗೊಮ್ಮೆ ಬರುತ್ತಲೇ ಇರುತ್ತವೆ. ಒಂದು ವಸ್ತುವನ್ನು ಹಾರ್ಮೋನ್ ಎಂದು ಕರೆಯಬೇಕಾದರೆ ಏನೇನು ಸಾಬೀತಾಗಿರಬೇಕು ಎಂಬ ಪ್ರಶ್ನೆಯನ್ನು ಮಾತ್ರ ಈ ಸುದ್ದಿಗಳು ಸಾಮಾನ್ಯವಾಗಿ ಕೇಳುವುದಿಲ್ಲ.

ದೇಹದ ಒಂದು ಕಡೆ ತಯಾರಾಗಿ, ರಕ್ತದ ಮೂಲಕ ಸಾಗಿ, ದೂರದ ಇನ್ನೊಂದು ಅಂಗದ ಕೆಲಸವನ್ನು ಬದಲಿಸುವ ವಸ್ತುವೇ ಹಾರ್ಮೋನ್ ಎಂದು ಶಾಲೆಯ ಪಠ್ಯ ಹೇಳುತ್ತದೆ. ವಿವರಣೆಯೇನೋ ಸರಿ. ಆದರೆ ತಯಾರಾಗುವುದು, ರಕ್ತಕ್ಕೆ ಸೇರುವುದು, ದೂರ ತಲುಪುವುದು, ಕೆಲಸ ಬದಲಿಸುವುದು ಎಂಬ ಅದರ ಒಂದೊಂದು ಅಂಶಕ್ಕೂ ಬೇರೆ ಬೇರೆ ಪುರಾವೆ ಬೇಕು. ವಸ್ತುವನ್ನು ಪ್ರಾಣಿಗೆ ಚುಚ್ಚಿ ಪರಿಣಾಮ ತೋರಿಸುವುದು ಇವುಗಳಲ್ಲಿ ಸುಲಭದ ಕೆಲಸ. ಸಾಕಷ್ಟು ಪ್ರಮಾಣದಲ್ಲಿ ಕೊಟ್ಟರೆ ಬಹಳಷ್ಟು ವಸ್ತುಗಳು ಏನಾದರೊಂದು ಪರಿಣಾಮವನ್ನು ಬೀರಿಯೇ ಬೀರುತ್ತವೆ. ಅದು ಔಷಧಶಾಸ್ತ್ರಕ್ಕೆ ಸಂಬಂಧಿಸಿದ ಮಾತು. ದೇಹವು ತಾನಾಗಿ ತಯಾರಿಸುವ ಅಲ್ಪ ಪ್ರಮಾಣದಲ್ಲಿ, ತನಗೆ ಬೇಕಾದ ಹೊತ್ತಿನಲ್ಲಿ, ಆ ಕೆಲಸವನ್ನು ನಿಜಕ್ಕೂ ಆ ವಸ್ತುವಿನಿಂದಲೇ ಮಾಡಿಸಿಕೊಳ್ಳುತ್ತಿದೆಯೇ ಎಂಬುದು ಶರೀರಕ್ರಿಯಾಶಾಸ್ತ್ರದ ಪ್ರಶ್ನೆ. ಸದ್ದು ಮಾಡಿ ಆಮೇಲೆ ಕುಸಿದ ಅಥವಾ ವಿವಾದಕ್ಕೆ ಸಿಕ್ಕಿದ ಹಾರ್ಮೋನುಗಳ ಕಥೆಗಳನ್ನು ನೋಡಿದರೆ, ಅವು ಎಡವಿದ್ದು ಬಹುಪಾಲು ಈ ಎರಡನೆಯ ಪ್ರಶ್ನೆಯಲ್ಲಿ.

ತೆಗೆದು ನೋಡುವುದು, ಮತ್ತೆ ಇಟ್ಟು ನೋಡುವುದು ಈ ಶಾಸ್ತ್ರದ ಅತ್ಯಂತ ಹಳೆಯ ವಿಧಾನ. 1849ರಲ್ಲಿ ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಆರ್ನಾಲ್ಡ್ ಬೆರ್ತೋಲ್ಡ್ ಆರು ಎಳೆಯ ಹುಂಜಗಳ ಮೇಲೆ ಪ್ರಯೋಗ ಮಾಡಿದರು. ವೃಷಣಗಳನ್ನು ಪೂರ್ತಿ ತೆಗೆದ ಹುಂಜಗಳ ಜುಟ್ಟು ಬೆಳೆಯಲಿಲ್ಲ, ಅವು ಕಾದಾಟಕ್ಕೂ ಇಳಿಯಲಿಲ್ಲ. ವೃಷಣವನ್ನು ಅದರ ಜಾಗದಿಂದ ಬಿಡಿಸಿ ಹೊಟ್ಟೆಯೊಳಗೆ ಬೇರೆಡೆ ನೆಲೆಗೊಳಿಸಿದ ಹುಂಜಗಳು ಮಾತ್ರ ಎಂದಿನಂತೆ ಬೆಳೆದು ಕೂಗಿದವು. ಹಳೆಯ ನರಗಳೆಲ್ಲ ಕಡಿದುಹೋಗಿದ್ದರಿಂದ ಪ್ರಭಾವ ರಕ್ತದ ಮೂಲಕವೇ ಹರಡಿರಬೇಕು ಎಂದು ಬೆರ್ತೋಲ್ಡ್ ತೀರ್ಮಾನಿಸಿದರು. ತೀರ್ಮಾನ ಸರಿಯಾಗಿತ್ತು, ಆದರೆ ರಕ್ತದಲ್ಲಿ ಇರುವುದು ಏನು ಎಂಬುದರ ಸುಳಿವು ಅವರಿಗೆ ಸಿಗಲಿಲ್ಲ.

ಆ ಮುಂದಿನ ಹೆಜ್ಜೆ ಇಟ್ಟದ್ದು ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್. 1902ರ ಜನವರಿಯಲ್ಲಿ ಅವರು ನಡೆಸಿದ ಪ್ರಯೋಗವನ್ನು ತುಸು ಹತ್ತಿರದಿಂದ ನೋಡಬೇಕು. ಜಠರದ ಆಮ್ಲ ಸಣ್ಣ ಕರುಳಿನ ಆರಂಭದ ಭಾಗಕ್ಕೆ ಇಳಿದ ಕೂಡಲೇ ಮೇದೋಜೀರಕ ಗ್ರಂಥಿ ರಸವನ್ನು ಸುರಿಸುತ್ತದೆ ಎಂಬುದು ಆಗಲೇ ತಿಳಿದಿತ್ತು. ರಷ್ಯಾದಲ್ಲಿ ಪಾವ್ಲೊವ್ ಅವರ ತಂಡ ಇದನ್ನು ನರಗಳ ಕೆಲಸವೆಂದು ನಂಬಿತ್ತು. ಬೇಲಿಸ್ ಮತ್ತು ಸ್ಟಾರ್ಲಿಂಗ್ ಅರಿವಳಿಕೆ ಕೊಟ್ಟ ನಾಯಿಯ ಸಣ್ಣ ಕರುಳಿನ ಒಂದು ತುಂಡನ್ನು ಎರಡೂ ಕಡೆ ಕಟ್ಟಿ, ಅದಕ್ಕೆ ಹೋಗುವ ನರಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ಕತ್ತರಿಸಿದರು. ಆ ತುಂಡಿಗೂ ಉಳಿದ ದೇಹಕ್ಕೂ ರಕ್ತನಾಳಗಳ ಹೊರತು ಬೇರೆ ನಂಟು ಉಳಿಯಲಿಲ್ಲ. ಅದರೊಳಕ್ಕೆ 0.4%ರಷ್ಟು ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲವನ್ನು ಹಾಕಿದಾಗಲೂ ಮೇದೋಜೀರಕ ರಸ ತೊಟ್ಟಿಕ್ಕಿತು. ಆಮ್ಲವೇ ರಕ್ತಕ್ಕೆ ಸೇರಿ ಹೀಗಾಗಿರಬಹುದೇ? ಆಮ್ಲವನ್ನು ನೇರವಾಗಿ ರಕ್ತಕ್ಕೆ ಕೊಟ್ಟಾಗ ಏನೂ ಆಗದು ಎಂಬುದು ತಿಳಿದಿತ್ತು. ಹಾಗಾದರೆ ಕರುಳಿನ ಒಳಪದರವೇ ಏನನ್ನೋ ಬಿಡುಗಡೆ ಮಾಡಿರಬೇಕು. ಅವರು ಆ ಒಳಪದರವನ್ನು ಕೆರೆದು ತೆಗೆದು, ಮರಳು ಮತ್ತು ಅದೇ ಆಮ್ಲದೊಂದಿಗೆ ಅರೆದು, ಹತ್ತಿಯಲ್ಲಿ ಸೋಸಿ, ನಾಯಿಯ ರಕ್ತನಾಳಕ್ಕೆ ಚುಚ್ಚಿದರು. ಸುಮಾರು 70 ಸೆಕೆಂಡುಗಳಲ್ಲಿ ರಸ ಮೊದಲಿಗಿಂತ ಇಮ್ಮಡಿಗೂ ಹೆಚ್ಚು ವೇಗದಲ್ಲಿ ಹರಿಯತೊಡಗಿತು. ಆ ಕಾಣದ ವಸ್ತುವಿಗೆ ಸೆಕ್ರೆಟಿನ್ ಎಂದು ಹೆಸರಿಟ್ಟರು. ಇಂತಹ ವಸ್ತುಗಳಿಗೆಲ್ಲ ಹಾರ್ಮೋನ್ ಎಂಬ ಹೆಸರನ್ನು ಸ್ಟಾರ್ಲಿಂಗ್ 1905ರ ಉಪನ್ಯಾಸಗಳಲ್ಲಿ ಬಳಕೆಗೆ ತಂದರು.

ಈ ಪ್ರಯೋಗದ ಹೆಚ್ಚುಗಾರಿಕೆ ನನ್ನ ದೃಷ್ಟಿಯಲ್ಲಿ ಇರುವುದು ಮುಖ್ಯ ಫಲಿತಾಂಶಕ್ಕಿಂತ ಹೆಚ್ಚಾಗಿ ಅದರ ಸುತ್ತ ಮಾಡಿದ ತಪಾಸಣೆಗಳಲ್ಲಿ. ಸೋಸಿದ ರಸವನ್ನು ಚುಚ್ಚಿದಾಗ ನಾಯಿಯ ರಕ್ತದೊತ್ತಡವೂ ಕುಸಿದಿತ್ತು. ಅರೆದ ಅಂಗಾಂಶದಲ್ಲಿ ನೂರೆಂಟು ವಸ್ತುಗಳಿರುತ್ತವೆ, ಅವುಗಳಲ್ಲಿ ಯಾವುದು ಏನು ಮಾಡಿತು ಎಂದು ಹೇಳುವುದು ಹೇಗೆ? ಒತ್ತಡ ಇಳಿಸುವ ವಸ್ತುವೂ ರಸ ಸುರಿಸುವ ವಸ್ತುವೂ ಒಂದೇ ಅಲ್ಲ ಎಂಬುದನ್ನು ಅವರು ಬೇರ್ಪಡಿಸಿ ತೋರಿಸಿದರು. ಸಣ್ಣ ಕರುಳಿನ ಕೊನೆಯ ಭಾಗದಿಂದ ಇದೇ ರೀತಿ ತೆಗೆದ ರಸಕ್ಕೆ ಈ ಗುಣವಿಲ್ಲ ಎಂಬುದನ್ನೂ ಪರೀಕ್ಷಿಸಿದರು. ಇಷ್ಟಾದರೂ ಒಂದು ಕೊಂಡಿ ಬಾಕಿ ಇತ್ತು: ಮರಳಿನೊಂದಿಗೆ ಅರೆದಾಗ ಹೊರಬರುವ ವಸ್ತು ಊಟದ ನಂತರ ತಾನಾಗಿ ಹೊರಬರುತ್ತದೆಯೇ, ಬಂದರೂ ಆ ಪ್ರಮಾಣ ಸಾಲುತ್ತದೆಯೇ? ಇದಕ್ಕೆ ಉತ್ತರ ಸಿಗಲು ಬಹಳ ಕಾಲ ಹಿಡಿಯಿತು. ಸ್ಟಾಕ್‌ಹೋಮ್‌ನಲ್ಲಿ ಯೋರ್ಪೆಸ್ ಮತ್ತು ಮುಟ್ ಹಂದಿಯ ಕರುಳುಗಳಿಂದ ಸೆಕ್ರೆಟಿನ್ ಅನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ, ಅದು 27 ಅಮೈನೋ ಆಮ್ಲಗಳ ಸರಪಳಿ ಎಂದು ತೋರಿಸಿದ್ದು 1960ರ ದಶಕದಲ್ಲಿ. ಊಟದ ನಂತರ ರಕ್ತದಲ್ಲಿ ಸೆಕ್ರೆಟಿನ್ ನಿಜಕ್ಕೂ ಏರುತ್ತದೆಯೇ ಎಂಬ ಚರ್ಚೆ 1970ರ ದಶಕದಲ್ಲೂ ನಡೆದಿತ್ತು. 1979ರಲ್ಲಿ ನಾಯಿಗಳಿಗೆ ಸೆಕ್ರೆಟಿನ್‌ಗೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುವ ಪ್ರೋಟೀನುಗಳನ್ನು, ಅಂದರೆ ಪ್ರತಿಕಾಯಗಳನ್ನು, ಕೊಟ್ಟಾಗ ಊಟದ ನಂತರದ ಮೇದೋಜೀರಕ ಸ್ರಾವ ತೀವ್ರವಾಗಿ ಕುಗ್ಗಿತು. ಜಗತ್ತು ಹಾರ್ಮೋನ್ ಎಂದು ಕರೆದ ಮೊದಲ ವಸ್ತುವಿನ ಪುರಾವೆಯೇ ಪೂರ್ತಿಯಾಗಲು ಹೀಗೆ 77 ವರ್ಷ ಬೇಕಾಯಿತು.

ಅಷ್ಟು ತಡವಾಗಲು ಮುಖ್ಯ ಕಾರಣ ಅಳತೆಯ ಕಷ್ಟ. ಕರುಳಿನ ಹಾರ್ಮೋನುಗಳು ಒಂದು ಲೀಟರ್ ಪ್ಲಾಸ್ಮಾದಲ್ಲಿ ಒಂದು ಗ್ರಾಂನ ಕೋಟಿಯ ಒಂದು ಭಾಗಕ್ಕಿಂತಲೂ ಕಡಿಮೆ ಇರುತ್ತವೆ. ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ರೊಸಾಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ 1959-60ರ ಸುಮಾರಿಗೆ ರೇಡಿಯೋಇಮ್ಯುನೋಅಸ್ಸೇ ಎಂಬ, ಪ್ರತಿಕಾಯಗಳ ನೆರವಿನಿಂದ ಅಳೆಯುವ ವಿಧಾನವನ್ನು ರೂಪಿಸಿ ಮೊದಲಿಗೆ ಇನ್ಸುಲಿನ್ ಅನ್ನು ಅಳೆದ ಮೇಲೆಯೇ ಇಷ್ಟು ಸೂಕ್ಷ್ಮ ಪ್ರಮಾಣಗಳು ಕೈಗೆ ಎಟುಕಿದವು; ಯಾಲೊ ಅವರಿಗೆ 1977ರಲ್ಲಿ ನೊಬೆಲ್ ಬಂದದ್ದು ಇದಕ್ಕಾಗಿ. ಆದರೆ ಪ್ರತಿಕಾಯವನ್ನು ಆಧರಿಸಿದ ಯಾವ ಅಳತೆಯೂ ಪ್ರತಿಕಾಯ ಎಷ್ಟು ನಂಬಿಕಸ್ಥವೋ ಅಷ್ಟೇ ನಂಬಿಕಸ್ಥ. ಅದು ಬೇರೆ ಪ್ರೋಟೀನಿಗೆ ಅಂಟಿಕೊಂಡರೂ ಯಂತ್ರದಲ್ಲಿ ಒಂದು ಅಂಕಿ ಮೂಡುತ್ತದೆ, ಆ ಅಂಕಿ ನೋಡಲು ಚೆನ್ನಾಗಿಯೇ ಇರುತ್ತದೆ.

ಐರಿಸಿನ್ ವಿಷಯದಲ್ಲಿ ಆದದ್ದು ಇದೇ ಗೊಂದಲ. 2012ರ ಜನವರಿಯಲ್ಲಿ ಹಾರ್ವರ್ಡ್‌ನ ಬ್ರೂಸ್ ಸ್ಪೀಗಲ್‌ಮನ್ ಅವರ ತಂಡ, ವ್ಯಾಯಾಮ ಮಾಡಿದಾಗ ಸ್ನಾಯುಗಳಿಂದ ಹೊರಬಂದು ಬಿಳಿ ಕೊಬ್ಬನ್ನು ಶಕ್ತಿ ಸುಡುವ ಕಂದು ಕೊಬ್ಬಿನಂತೆ ಮಾರ್ಪಡಿಸುವ ಹಾರ್ಮೋನ್ ಇದೆಂದು ಪ್ರಕಟಿಸಿತು. ಸಿದ್ಧ ಕಿಟ್‌ಗಳು ಮಾರುಕಟ್ಟೆಗೆ ಬಂದವು, ಅವುಗಳನ್ನು ಬಳಸಿದ ಸಂಶೋಧನಾ ಪ್ರಬಂಧಗಳ ರಾಶಿಯೇ ಬೆಳೆಯಿತು. ಒಂದೊಂದರಲ್ಲೂ ಐರಿಸಿನ್‌ನ ಮಟ್ಟ ಒಂದೊಂದು ತೆರನಾಗಿತ್ತು. 2015ರಲ್ಲಿ ಇನ್ನೊಂದು ತಂಡ ಆ ಕಿಟ್‌ಗಳ ಪ್ರತಿಕಾಯಗಳು ರಕ್ತದ ಬೇರೆ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತಿವೆ ಎಂದು ತೋರಿಸಿ, ಐರಿಸಿನ್ ಬರೀ ಮಿಥ್ಯೆ ಎಂಬ ಅರ್ಥದ ಶೀರ್ಷಿಕೆಯನ್ನೇ ಕೊಟ್ಟಿತು. ಮನುಷ್ಯರಲ್ಲಿ ಈ ಜೀನ್‌ನ ಆರಂಭದ ಸಂಕೇತವೇ ಸಾಮಾನ್ಯಕ್ಕಿಂತ ಬೇರೆಯಾಗಿರುವುದರಿಂದ ಪ್ರೋಟೀನ್ ತಯಾರಾಗುವುದೇ ಅನುಮಾನ ಎಂಬ ವಾದವೂ ಇತ್ತು. ಸ್ಪೀಗಲ್‌ಮನ್ ತಂಡ ಅದೇ ವರ್ಷ ಪ್ರತಿಕಾಯಗಳ ಗೊಡವೆಯೇ ಇಲ್ಲದ ಮಾಸ್ ಸ್ಪೆಕ್ಟ್ರೋಮೆಟ್ರಿಯಿಂದ (ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ವಿಧಾನ) ಅಳೆದು ಉತ್ತರಿಸಿತು: ವ್ಯಾಯಾಮ ಮಾಡದವರಲ್ಲಿ ಮಿಲಿಲೀಟರಿಗೆ ಸುಮಾರು 3.6 ನ್ಯಾನೋಗ್ರಾಂ, ತರಬೇತಿ ಪಡೆದವರಲ್ಲಿ 4.3. ವಸ್ತು ಇದೆ ಎಂಬುದು ಇದರಿಂದ ಗಟ್ಟಿಯಾಯಿತು. 3.6ಕ್ಕೂ 4.3ಕ್ಕೂ ಇರುವ ಅಂತರ ಮನುಷ್ಯನ ಕೊಬ್ಬಿನಲ್ಲಿ ಏನನ್ನು ಬದಲಿಸುತ್ತದೆ ಎಂಬುದು ಬೇರೆಯೇ ಪ್ರಶ್ನೆ, ಸುದ್ದಿಯ ಶೀರ್ಷಿಕೆಗಳು ಇವೆರಡನ್ನೂ ಒಂದೇ ಎಂದು ಓದಿಕೊಂಡವು.

ಅಳತೆಗಿಂತ ಮುಂಚೆಯೇ, ವಸ್ತುವಿನ ಹೆಸರೂ ಗೊತ್ತಿಲ್ಲದೆ, ಅದು ಹಾರ್ಮೋನ್ ಎಂದು ಖಚಿತಪಡಿಸಿದ ಪ್ರಸಂಗವೂ ಒಂದಿದೆ, ಮತ್ತು ಈ ಶಾಸ್ತ್ರದಲ್ಲಿ ಅದಕ್ಕಿಂತ ಚೊಕ್ಕವಾದ ತರ್ಕ ನನಗೆ ಕಂಡಿಲ್ಲ. ಅಮೆರಿಕದ ಮೇನ್ ರಾಜ್ಯದ ಜಾಕ್ಸನ್ ಪ್ರಯೋಗಾಲಯದಲ್ಲಿ ಮಿತಿಮೀರಿ ತಿಂದು ಊದಿಕೊಳ್ಳುವ ಎರಡು ಬಗೆಯ ಇಲಿಗಳಿದ್ದವು. ಒಂದರ ದೋಷಕ್ಕೆ ಒಬಿ, ಇನ್ನೊಂದರದಕ್ಕೆ ಡಿಬಿ ಎಂದು ಹೆಸರು. ಹೊರನೋಟಕ್ಕೆ ಎರಡೂ ಒಂದೇ. ಡಗ್ಲಸ್ ಕೋಲ್‌ಮನ್ 1960ರ ದಶಕದ ಕೊನೆಯಲ್ಲೂ 1970ರ ದಶಕದ ಆರಂಭದಲ್ಲೂ ಎರಡೆರಡು ಇಲಿಗಳ ಪಕ್ಕೆಗಳನ್ನು ಹೊಲಿದು ರಕ್ತ ಒಂದರಿಂದ ಇನ್ನೊಂದಕ್ಕೆ ಹರಿಯುವಂತೆ ಮಾಡಿದರು. ಡಿಬಿ ಇಲಿಯೊಂದಿಗೆ ಜೋಡಿಸಿದ ಸಾಮಾನ್ಯ ಇಲಿ ತಿನ್ನುವುದನ್ನೇ ಬಿಟ್ಟು ಸೊರಗಿ ಸತ್ತಿತು. ಡಿಬಿಯೊಂದಿಗೆ ಒಬಿಯನ್ನು ಜೋಡಿಸಿದಾಗ ಒಬಿಗೂ ಅದೇ ಗತಿಯಾಯಿತು, ಡಿಬಿ ಮಾತ್ರ ತಿನ್ನುತ್ತಲೇ ಇತ್ತು. ಒಬಿಯೊಂದಿಗೆ ಜೋಡಿಸಿದ ಸಾಮಾನ್ಯ ಇಲಿಗೆ ಏನೂ ಆಗಲಿಲ್ಲ, ಬದಲಿಗೆ ಒಬಿಯ ತಿನ್ನುವಿಕೆಗೇ ಕಡಿವಾಣ ಬಿತ್ತು. ಇಷ್ಟರಿಂದ ಕೋಲ್‌ಮನ್ ಹೇಳಿದ್ದು: ರಕ್ತದಲ್ಲಿ ಹಸಿವನ್ನು ತಡೆಯುವ ವಸ್ತುವೊಂದಿದೆ; ಒಬಿಗೆ ಅದನ್ನು ತಯಾರಿಸಲು ಬರುವುದಿಲ್ಲ, ಡಿಬಿ ಅದನ್ನು ಯಥೇಚ್ಛವಾಗಿ ತಯಾರಿಸಿದರೂ ಗುರುತಿಸಲಾರದು.

ಇದನ್ನು ಎಲ್ಲರೂ ಒಪ್ಪಲಿಲ್ಲ. 1994ರ ಕೊನೆಯಲ್ಲಿ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಒಬಿ ಜೀನ್ ಅನ್ನು ಪತ್ತೆಹಚ್ಚಿತು, ಅದರ ಪ್ರೋಟೀನಿಗೆ ಲೆಪ್ಟಿನ್ ಎಂದು ಹೆಸರಾಯಿತು. ಮರುವರ್ಷ ಅದನ್ನು ಚುಚ್ಚಿದಾಗ ಒಬಿ ಇಲಿಗಳು ಇಳಿದವು, ಡಿಬಿ ಇಲಿಗಳು ಜಗ್ಗಲಿಲ್ಲ; ಡಿಬಿ ಜೀನ್ ಎಂದರೆ ಲೆಪ್ಟಿನ್‌ನ ಗ್ರಾಹಕದ (ಅದನ್ನು ಗುರುತಿಸುವ, ಕೋಶದ ಮೇಲಿನ ಪ್ರೋಟೀನಿನ) ಜೀನೇ ಎಂಬುದೂ ಹೊರಬಿತ್ತು. ಮನುಷ್ಯರ ಮಟ್ಟಿಗೆ ಪುರಾವೆ ಸಿಕ್ಕಿದ್ದು ಇಂಗ್ಲೆಂಡಿನಲ್ಲಿ, ರಕ್ತಸಂಬಂಧದ ಮದುವೆಗಳಿದ್ದ ಪಾಕಿಸ್ತಾನಿ ಮೂಲದ ಕುಟುಂಬವೊಂದರ ಇಬ್ಬರು ಮಕ್ಕಳಲ್ಲಿ. ಅವರಲ್ಲಿ ಲೆಪ್ಟಿನ್ ಇಲ್ಲವೆಂಬುದನ್ನು ಕೇಂಬ್ರಿಡ್ಜ್‌ನ ತಂಡ 1997ರಲ್ಲಿ ಪ್ರಕಟಿಸಿತು. ಅವರಲ್ಲೊಬ್ಬಳಾದ 9 ವರ್ಷದ ಬಾಲಕಿಗೆ ಲೆಪ್ಟಿನ್ ಕೊಟ್ಟಾಗ ಒಂದು ವರ್ಷದಲ್ಲಿ ಸುಮಾರು 16 ಕಿಲೊ ತೂಕ ಇಳಿಯಿತು. ಗಮನಿಸಬೇಕಾದ ಮಾತೆಂದರೆ, ಸಾಮಾನ್ಯ ಬೊಜ್ಜಿನವರಲ್ಲಿ ಲೆಪ್ಟಿನ್ ಮೊದಲೇ ಹೆಚ್ಚಿರುತ್ತದೆ, ಇನ್ನಷ್ಟು ಕೊಟ್ಟರೆ ಹೆಚ್ಚಿನ ಪ್ರಯೋಜನವಿಲ್ಲ. ಲೆಪ್ಟಿನ್ ನಿಸ್ಸಂದೇಹವಾಗಿ ಹಾರ್ಮೋನ್, ಆದರೂ ಬೊಜ್ಜಿನ ಸಾಮಾನ್ಯ ಔಷಧವಾಗಲಿಲ್ಲ. ಔಷಧವಾಗಿ ಗೆದ್ದದ್ದು ಹಾರ್ಮೋನ್ ಎಂಬುದಕ್ಕೆ ಸಾಕ್ಷಿಯಲ್ಲ, ಹಾರ್ಮೋನ್ ಆಗಿರುವುದು ಔಷಧವಾಗಿ ಗೆಲ್ಲುತ್ತದೆ ಎಂಬುದಕ್ಕೂ ಸಾಕ್ಷಿಯಲ್ಲ.

ಜೀನ್ ಅಳಿಸುವ ತಂತ್ರ ಬರುವ ಮುನ್ನ ‘ತೆಗೆದು ನೋಡುವುದು’ ಎಂದರೆ ಇಡೀ ಗ್ರಂಥಿಯನ್ನೇ ಕತ್ತರಿಸುವುದಾಗಿತ್ತು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿಯಂತಹ ಗ್ರಂಥಿಯಲ್ಲಿ ಈ ವಿಧಾನ ಸಾಲದು. ಅಲ್ಲಿಂದ ಹಲವು ಹಾರ್ಮೋನುಗಳು ಬರುವುದರಿಂದ ಕಂಡ ಕೊರತೆಯನ್ನು ಯಾವುದರ ಲೆಕ್ಕಕ್ಕೆ ಬರೆಯಬೇಕೆಂದು ತಿಳಿಯುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್.ಆರ್. ಮೌದ್ಗಲ್ ಮತ್ತು ಸಂಗಡಿಗರು ದಶಕಗಳ ಕಾಲ ಈ ತೊಡಕನ್ನು ಪ್ರತಿಕಾಯಗಳ ಮೂಲಕ ಬಿಡಿಸಿದರು. ಗ್ರಂಥಿಯನ್ನು ಮುಟ್ಟದೆ, ಅಂಡಾಶಯ, ವೃಷಣಗಳನ್ನು ನಿಯಂತ್ರಿಸುವ ಪಿಟ್ಯುಟರಿಯ ಹಾರ್ಮೋನುಗಳಾದ ಎಲ್‌ಎಚ್, ಎಫ್‌ಎಸ್‌ಎಚ್ ಪೈಕಿ ಒಂದನ್ನು ಮಾತ್ರ ರಕ್ತದಲ್ಲೇ ನಿಷ್ಕ್ರಿಯಗೊಳಿಸಿ, ಏನು ನಿಂತುಹೋಗುತ್ತದೆ ಎಂದು ನೋಡುವುದು ಅವರ ದಾರಿ. ಬಸುರಿ ಇಲಿಗೆ ಎಲ್‌ಎಚ್ ವಿರುದ್ಧದ ಪ್ರತಿಕಾಯ ಕೊಟ್ಟರೆ ಗರ್ಭ ನಿಲ್ಲುವುದಿಲ್ಲ ಎಂಬುದನ್ನೂ, ನಮ್ಮ ಊರುಗಳಲ್ಲಿ ಕಾಣುವ ಬಾನೆಟ್ ಜಾತಿಯ ಗಂಡು ಕೋತಿಗಳಲ್ಲಿ ಎಫ್‌ಎಸ್‌ಎಚ್ ಅನ್ನು ತಡೆದರೆ ವೀರ್ಯಾಣುಗಳ ಸಂಖ್ಯೆ ಇಳಿಯುತ್ತದೆ, ಟೆಸ್ಟೋಸ್ಟಿರಾನ್ ಇಳಿಯುವುದಿಲ್ಲ ಎಂಬುದನ್ನೂ ಈ ಕೆಲಸ ತೋರಿಸಿತು. ಹೊರಗಿನಿಂದ ಏನನ್ನೂ ಸೇರಿಸದೆ ದೇಹದ್ದೇ ಆದ ಹಾರ್ಮೋನಿನ ಪಾಲು ಎಷ್ಟೆಂದು ಹೇಳಲು ಇಂತಹ ತಡೆಯೇ ಬೇಕು.

ಈ ಹೆಜ್ಜೆಯನ್ನು ಬಿಟ್ಟು ಮುನ್ನುಗ್ಗಿದರೆ ಏನಾಗುತ್ತದೆ ಎಂಬುದಕ್ಕೆ ಬೀಟಾಟ್ರೋಫಿನ್ ಉದಾಹರಣೆ. 2013ರಲ್ಲಿ ಹಾರ್ವರ್ಡ್‌ನ ಡಗ್ಲಸ್ ಮೆಲ್ಟನ್ ಅವರ ತಂಡ, ಈ ಪ್ರೋಟೀನಿನ ಜೀನ್ ಅನ್ನು ಇಲಿಗಳ ಯಕೃತ್ತಿಗೆ ಸೇರಿಸಿದಾಗ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ವಿಭಜನೆ ಸರಾಸರಿ 17 ಪಟ್ಟು ಹೆಚ್ಚಿತು ಎಂದು ವರದಿ ಮಾಡಿತು. ಮಧುಮೇಹಿಗಳಿಗೆ ಇನ್ಸುಲಿನ್ ಚುಚ್ಚಿಕೊಳ್ಳುವ ಕಷ್ಟ ತಪ್ಪೀತು ಎಂಬ ಆಸೆ ಹರಡಿತು. ಮರುವರ್ಷವೇ ರಿಜೆನೆರಾನ್ ಕಂಪನಿಯ ವಿಜ್ಞಾನಿಗಳು ಆ ಜೀನ್ ಇಲ್ಲದ ಇಲಿಗಳಲ್ಲೂ ಬೀಟಾ ಕೋಶಗಳು ಅಗತ್ಯ ಬಿದ್ದಾಗ ಎಂದಿನಂತೆ ಹೆಚ್ಚುತ್ತವೆ, ಜೀನ್ ಅನ್ನು ಹೆಚ್ಚಾಗಿ ಸೇರಿಸಿದರೂ ವಿಶೇಷವೇನೂ ಆಗುವುದಿಲ್ಲ ಎಂದು ತೋರಿಸಿದರು. ಮೆಲ್ಟನ್ ಅವರು ಬೇರೆ ಪ್ರಯೋಗಾಲಯಗಳ ಜೊತೆ ಸೇರಿ, ಯಾವ ಇಲಿಗೆ ಏನು ಕೊಡಲಾಗಿದೆ ಎಂದು ತಿಳಿಯದ ರೀತಿಯಲ್ಲಿ ಪ್ರಯೋಗವನ್ನು ಮತ್ತೆ ಮಾಡಿಸಿ, 2016ರ ಕೊನೆಯಲ್ಲಿ ಮೂಲ ಪ್ರಬಂಧವನ್ನು ಹಿಂತೆಗೆದುಕೊಂಡರು. ಮೂಳೆಯಲ್ಲಿರುವ ಆಸ್ಟಿಯೋಕ್ಯಾಲ್ಸಿನ್ ಸಕ್ಕರೆಯನ್ನು ನಿಯಂತ್ರಿಸುವ ಹಾರ್ಮೋನ್ ಎಂದು 2007ರಿಂದ ಕೊಲಂಬಿಯಾ ವಿಶ್ವವಿದ್ಯಾಲಯದ ಜೆರಾರ್ ಕಾರ್ಸೆಂಟಿ ಪ್ರತಿಪಾದಿಸುತ್ತಿದ್ದಾರೆ. 2020ರಲ್ಲಿ ಅಮೆರಿಕ ಮತ್ತು ಜಪಾನಿನ ಎರಡು ತಂಡಗಳು ಸ್ವತಂತ್ರವಾಗಿ ಆ ಜೀನ್ ತೆಗೆದ ಇಲಿಗಳಲ್ಲಿ ರಕ್ತದ ಸಕ್ಕರೆ ಮಾಮೂಲಿನಂತೆಯೇ ಇದ್ದುದನ್ನು ವರದಿ ಮಾಡಿದವು. ಆ ವಾದ ಇನ್ನೂ ಮುಗಿದಿಲ್ಲ.

ಇನ್ನು ಜಿಎಲ್‌ಪಿ-1. ಗ್ಲುಕೋಸನ್ನು ಡ್ರಿಪ್ ಮೂಲಕ ಕೊಟ್ಟಾಗಿಗಿಂತ ಬಾಯಿಂದ ಕುಡಿದಾಗ ಇನ್ಸುಲಿನ್ ಹೆಚ್ಚು ಸ್ರವಿಸುತ್ತದೆ ಎಂಬುದನ್ನು 1964ರಲ್ಲಿ ಎರಡು ತಂಡಗಳು ತೋರಿಸಿದ್ದವು. ರಕ್ತದ ಸಕ್ಕರೆಯ ಹೊರತಾಗಿ ಕರುಳಿನಿಂದ ಇನ್ನೇನೋ ಸಂದೇಶ ಹೋಗುತ್ತಿದೆ ಎಂಬುದು ಅದರ ಅರ್ಥ. 1980ರ ದಶಕದಲ್ಲಿ ಜೋಯಲ್ ಹೇಬನರ್, ಸ್ವೆಟ್ಲಾನಾ ಮೊಯ್ಸೊವ್, ಡೆನ್ಮಾರ್ಕಿನ ಯೆನ್ಸ್ ಹೋಲ್ಸ್ಟ್ ಮೊದಲಾದವರ ಕೆಲಸದಿಂದ ಜಿಎಲ್‌ಪಿ-1ರ ಸಕ್ರಿಯ ರೂಪ ಯಾವುದೆಂದು ಗೊತ್ತಾಯಿತು. 1987ರಲ್ಲಿ ಲಂಡನ್‌ನ ತಂಡವೊಂದು ಸ್ವಯಂಸೇವಕರಿಗೆ ಇದನ್ನು ಕೊಟ್ಟಾಗ ಒಂದು ಎಚ್ಚರ ವಹಿಸಿತು: ಊಟದ ನಂತರ ರಕ್ತದಲ್ಲಿ ತಾನಾಗಿ ಕಾಣುವ ಮಟ್ಟವನ್ನೇ ಅನುಕರಿಸಿತು. ಆ ಮಟ್ಟದಲ್ಲೇ ಇನ್ಸುಲಿನ್ ಏರಿತು. 1992ರಲ್ಲಿ ಗ್ರಾಹಕ ಪತ್ತೆಯಾಯಿತು. ಗಿಲಾ ಮಾನ್‌ಸ್ಟರ್ ಎಂಬ ಹಲ್ಲಿಯ ವಿಷದಿಂದ ಬಂದ ಎಕ್ಸೆಂಡಿನ್ ಎಂಬ, ಜಿಎಲ್‌ಪಿ-1 ಅನ್ನು ಹೋಲುವ ವಸ್ತುವಿನ ಮೊಟಕುಗೊಳಿಸಿದ ರೂಪದಿಂದ ಆ ಗ್ರಾಹಕವನ್ನು ತಡೆದಾಗ ಮನುಷ್ಯರಲ್ಲಿ ಗ್ಲುಕೋಸ್ ಸೇವಿಸಿದ ನಂತರದ ಸಕ್ಕರೆ ಹೆಚ್ಚು ಏರಿತು. ಇನ್ಸುಲಿನ್ ಹೆಚ್ಚಿಸುವ ಮಟ್ಟಿಗೆ ಹೀಗೆ ಎಲ್ಲ ಕೊಂಡಿಗಳೂ ಕೂಡಿಬಂದವು.

ಹಸಿವಿನ ವಿಷಯದಲ್ಲಿ ಪುರಾವೆ ಇಷ್ಟು ನಯವಾಗಿ ಕೂಡಿಬರುವುದಿಲ್ಲ, ಇಂದಿನ ಜನಪ್ರಿಯತೆಗೆಲ್ಲ ಕಾರಣ ಹಸಿವೇ ಆಗಿದ್ದರೂ. ಜಿಎಲ್‌ಪಿ-1 ಗ್ರಾಹಕವೇ ಇಲ್ಲದ ಇಲಿಗಳನ್ನು ಟೊರೊಂಟೊದ ಡೇನಿಯಲ್ ಡ್ರಕ್ಕರ್ ಅವರ ತಂಡ 1996ರಲ್ಲಿ ರೂಪಿಸಿದಾಗ ಅವುಗಳ ಸಕ್ಕರೆ ನಿಯಂತ್ರಣ ಕೆಟ್ಟಿತ್ತು, ಆದರೆ ತಿನ್ನುವಿಕೆಯೂ ತೂಕವೂ ಸಾಮಾನ್ಯವಾಗಿದ್ದವು. ಲೆಪ್ಟಿನ್ ಗ್ರಾಹಕವಿಲ್ಲದ ಡಿಬಿ ಇಲಿಯೊಂದಿಗೆ ಇದನ್ನು ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಕರುಳಿನಿಂದ ಹೊರಟ ಜಿಎಲ್‌ಪಿ-1 ಅನ್ನು ಡಿಪಿಪಿ-4 ಎಂಬ ಕಿಣ್ವ ಒಂದೆರಡು ನಿಮಿಷಗಳಲ್ಲಿ ತುಂಡರಿಸುತ್ತದೆ. ಯಕೃತ್ತನ್ನೂ ದಾಟಿ ದೇಹಕ್ಕೆಲ್ಲ ಹರಡುವಷ್ಟರಲ್ಲಿ ಅಖಂಡವಾಗಿ ಉಳಿಯುವುದು 10-15%ರಷ್ಟು ಎಂಬುದು ಹೋಲ್ಸ್ಟ್ ಅವರ ಅಂದಾಜು. ಅಂದರೆ ಅದರ ಸಂದೇಶದ ದೊಡ್ಡ ಪಾಲು ಬಹುಶಃ ಕರುಳಿನ ಹತ್ತಿರದಿಂದ ಮಿದುಳಿಗೆ ಹೋಗುವ ವೇಗಸ್ ನರದ ಮೂಲಕವೇ ಸಾಗುತ್ತದೆ. ಮೇಲಾಗಿ ಮಿದುಳುಬಳ್ಳಿಯ ಕೆಲವು ನರಕೋಶಗಳು ತಮ್ಮದೇ ಜಿಎಲ್‌ಪಿ-1 ಅನ್ನು ತಯಾರಿಸುತ್ತವೆ. ಅಲ್ಲಿ ಅದು ರಕ್ತಕ್ಕೆ ಇಳಿಯುವ ಹಾರ್ಮೋನ್ ಅಲ್ಲ, ನರಗಳ ನಡುವಿನ ಸಂದೇಶವಾಹಕ.

ಸೆಮಾಗ್ಲುಟೈಡ್ ಕೆಲಸ ಮಾಡುತ್ತದೆಯೇ ಎಂಬುದರಲ್ಲಿ ಸಂಶಯವಿಲ್ಲ. 1961 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 68 ವಾರಗಳ ನಂತರ ಔಷಧ ಪಡೆದವರ ತೂಕ ಸರಾಸರಿ 14.9%, ಹುಸಿಮದ್ದು ಪಡೆದವರದು 2.4% ಇಳಿದಿತ್ತು. ಆದರೆ ಸೆಮಾಗ್ಲುಟೈಡ್ ರಕ್ತದಲ್ಲಿ ವರ್ತಿಸುವ ಬಗೆಗೂ ಜಿಎಲ್‌ಪಿ-1 ವರ್ತಿಸುವ ಬಗೆಗೂ ಅಜಗಜಾಂತರ. ಅದರ ಅರ್ಧಾಯುಷ್ಯ (ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯ) ಒಂದೆರಡು ನಿಮಿಷವಲ್ಲ, ಸುಮಾರು ಒಂದು ವಾರ. ರಕ್ತದಲ್ಲಿ ಅದರ ಒಟ್ಟು ಪ್ರಮಾಣ ಊಟದ ನಂತರದ ಜಿಎಲ್‌ಪಿ-1ಗಿಂತ ಸಾವಿರ ಪಟ್ಟಿನ ಆಸುಪಾಸಿನಲ್ಲಿದೆ. ಅದರ 99%ಕ್ಕೂ ಹೆಚ್ಚು ಭಾಗ ಅಲ್ಬುಮಿನ್ ಎಂಬ ರಕ್ತದ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ ನಿಜ, ಉಳಿದದ್ದು ಹಗಲೂ ರಾತ್ರಿ ಗ್ರಾಹಕಗಳಿಗೆ ಸಿಗುತ್ತಲೇ ಇರುತ್ತದೆ. ದೇಹ ಎಂದೂ ಮಾಡದ ಕೆಲಸವಿದು.

‘ಸಹಜವಾಗಿ ಜಿಎಲ್‌ಪಿ-1 ಹೆಚ್ಚಿಸುವ’ ಪದಾರ್ಥಗಳ ವಾದ ಜಾರುವುದು ಇಲ್ಲಿಯೇ. ಪಶ್ಚಿಮಘಟ್ಟದ ಮರದರಿಶಿನದಲ್ಲಿರುವ ಬರ್ಬರಿನ್ ಎಂಬ ವಸ್ತುವನ್ನು ಸಾಮಾಜಿಕ ಜಾಲತಾಣಗಳು 2023ರಲ್ಲಿ ‘ಪ್ರಕೃತಿಯ ಓಝೆಂಪಿಕ್’ ಎಂದು ಕೊಂಡಾಡಿದವು (ಓಝೆಂಪಿಕ್ ಎಂಬುದು ಸೆಮಾಗ್ಲುಟೈಡ್‌ನದೇ ಇನ್ನೊಂದು ಮಾರಾಟದ ಹೆಸರು). ಮೊದಲೇ ಅಳಿವಿನಂಚಿನಲ್ಲಿರುವ ಆ ಬಳ್ಳಿಗೆ ಈ ಹೊಗಳಿಕೆ ಬೇಕಿರಲಿಲ್ಲ. ಬರ್ಬರಿನ್ ಇಲಿಗಳಲ್ಲಿ ಜಿಎಲ್‌ಪಿ-1 ಸ್ರಾವವನ್ನು ಹೆಚ್ಚಿಸಿದ ವರದಿಗಳು ಇವೆ. ಆದರೆ ಊಟದ ನಂತರದ ಏರಿಕೆ ಇಮ್ಮಡಿಯಾದರೂ ಅದು ನಿಮಿಷಗಳಲ್ಲಿ ತುಂಡಾಗುವ ಅಣುಗಳ ಇಮ್ಮಡಿ. ಸೆಮಾಗ್ಲುಟೈಡ್‌ನ ಫಲಿತಾಂಶವನ್ನು ಅದರ ಖಾತೆಗೆ ಹಾಕಿಕೊಳ್ಳಲು ಬರುವುದಿಲ್ಲ.

ಜಠರದ ಬೈಪಾಸ್ ಶಸ್ತ್ರಚಿಕಿತ್ಸೆಯ ನಂತರ ಊಟಕ್ಕೆ ಪ್ರತಿಯಾಗಿ ಏರುವ ಜಿಎಲ್‌ಪಿ-1 ಹಲವು ಪಟ್ಟು ಹೆಚ್ಚುವುದರಿಂದ, ತೂಕ ಇಳಿಯುವುದಕ್ಕೂ ಅದೇ ಕಾರಣವೆಂದು ಅನೇಕರು ನಂಬಿದ್ದರು. ಜಿಎಲ್‌ಪಿ-1 ಗ್ರಾಹಕವಿಲ್ಲದ ಇಲಿಗಳಿಗೆ ಅದೇ ಶಸ್ತ್ರಚಿಕಿತ್ಸೆ ಮಾಡಿದಾಗ ಅವುಗಳ ತೂಕವೂ ಇಳಿಯಿತು. 2014ರ ಇನ್ನೊಂದು ಪ್ರಯೋಗದಲ್ಲಿ ಇಲಿಗಳ ಮಿದುಳಿನ ನರಕೋಶಗಳಿಂದ ಮಾತ್ರ ಈ ಗ್ರಾಹಕವನ್ನು ತೆಗೆದು, ಸೆಮಾಗ್ಲುಟೈಡ್‌ನ ಹಿಂದಿನ ಪೀಳಿಗೆಯ ಔಷಧವಾದ ಲಿರಾಗ್ಲುಟೈಡ್ ಕೊಡಲಾಯಿತು: ಸಕ್ಕರೆ ಇಳಿಯಿತು, ಹಸಿವು ಇಳಿಯಲಿಲ್ಲ. ಔಷಧ ಹಸಿವನ್ನು ತಡೆಯುವುದು ಮಿದುಳಿನ ಗ್ರಾಹಕಗಳ ಮೂಲಕ ಎಂಬುದು ಇದರಿಂದ ಸ್ಪಷ್ಟವಾಯಿತು. ಕರುಳು ಊಟಕ್ಕೊಮ್ಮೆ ಬಿಡುಗಡೆ ಮಾಡುವ ಜಿಎಲ್‌ಪಿ-1 ರಕ್ತದ ಮೂಲಕ ಅದೇ ಗ್ರಾಹಕಗಳನ್ನು ಸಾಕಷ್ಟು ಪ್ರಮಾಣದಲ್ಲಿ ತಲುಪುತ್ತದೆಯೇ, ಅಥವಾ ಅಲ್ಲಿಗೆ ತಲುಪುವುದು ಮಿದುಳುಬಳ್ಳಿ ತಾನೇ ತಯಾರಿಸಿದ ಬೇರೆ ಜಿಎಲ್‌ಪಿ-1 ಮಾತ್ರವೇ ಎಂಬುದರ ಮೇಲೆ ಪ್ರಯೋಗಗಳು ಇನ್ನೂ ನಡೆಯುತ್ತಿವೆ.